ವೈಬ್ರೇಟ್ ಆಗೋ ವೈರ್‌ಲೆಸ್ ಹೆಡ್‌ಸೆಟ್: ಡಾಂಗಲ್ ಎಲ್ಲಿಡಬೇಕು, ಹ್ಯಾಪ್ಟಿಕ್ಸ್ ಎಷ್ಟಿಡಬೇಕು

ನಮಸ್ಕಾರ. ಹ್ಯಾಪ್ಟಿಕ್ಸ್, ಅಂದ್ರೆ ಸದ್ದಿಗೆ ತಕ್ಕ ಹಾಗೆ ನಡುಗೋ ವ್ಯವಸ್ಥೆ ಇರೋ ಗೇಮಿಂಗ್ ಹೆಡ್‌ಸೆಟ್ ತಗೊಂಡವರು ಮೊದಲ ದಿನ ವೈಬ್ರೇಶನ್ ಫುಲ್ ಇಡ್ತಾರೆ. ತಲೆ ಜುಂ ಅನ್ನೋಕೆ ಶುರುವಾದ ಮೇಲೆ ಪೂರ್ತಿ ಆಫ್ ಮಾಡಿ ಮರೆತುಬಿಡ್ತಾರೆ. ಎರಡರಲ್ಲೂ ಕೊಟ್ಟ ದುಡ್ಡು ದಂಡ. ಹ್ಯಾಪ್ಟಿಕ್ಸ್ ಚೆನ್ನಾಗಿ ಕೆಲಸ ಮಾಡಬೇಕು ಅಂದ್ರೆ ಅದಕ್ಕೆ ಹೋಗೋ ಸದ್ದು ಮೊದಲು ಶುದ್ಧವಾಗಿರಬೇಕು. ಇವತ್ತಿನ ವಿಡಿಯೋ ಪೂರ್ತಿ ಅದರ ಬಗ್ಗೆನೇ.

ಮೊದಲು ಒಳಗೆ ಏನಿದೆ ಅಂತ ನೋಡೋಣ. ಸದ್ದು ಕೊಡೋದು ಡ್ರೈವರ್. ಅದರ ಜೊತೆಗೆ ಎರಡೂ ಇಯರ್‌ಕಪ್‌ನಲ್ಲಿ ಒಂದೊಂದು ಆಕ್ಚುಯೇಟರ್ ಇರುತ್ತೆ. ಇದು ಗಾಳಿಯನ್ನ ತಳ್ಳಲ್ಲ, ಕಪ್ಪನ್ನೇ ಅಲುಗಾಡಿಸುತ್ತೆ. ಜಾತ್ರೆಯಲ್ಲಿ ತಮಟೆ ಪಕ್ಕ ನಿಂತಾಗ ಎದೆ ನಡುಗುತ್ತಲ್ಲ, ಆ ಅನುಭವವನ್ನ ಕೆನ್ನೆ, ದವಡೆ ಹತ್ರ ತರೋ ಪ್ರಯತ್ನ ಇದು. 2018ರಲ್ಲಿ ಬಂದ ರೇಜರ್ ಕಂಪನಿಯ ನಾರಿ ಅಲ್ಟಿಮೇಟ್ ಹೆಡ್‌ಸೆಟ್‌ನಲ್ಲಿ ಬರ್ಲಿನ್‌ನ ಲೋಫೆಲ್ಟ್ ಕಂಪನಿಯ ತಂತ್ರಜ್ಞಾನ ಇತ್ತು. ಆಮೇಲೆ ಬಂದ ರೇಜರ್‌ನ ಕ್ರಾಕನ್ ವಿ3 ಪ್ರೋ ಕೂಡ ಇದೇ ದಾರಿ. ಇವು ಗೇಮಿನಿಂದ ಬೇರೆ ಸಿಗ್ನಲ್ ಕಾಯಲ್ಲ. ಕಿವಿಗೆ ಬರೋ ಸದ್ದಿನಲ್ಲಿ ಏನೇನಿದೆ ಅಂತ ನೋಡಿ, ಮುಖ್ಯವಾಗಿ ಅದರ ಬೇಸ್ ಭಾಗವನ್ನ, ಅಂದ್ರೆ ದಪ್ಪ ಸದ್ದನ್ನ, ಆಗಿಂದಾಗಲೇ ಕಂಪನ ಮಾಡ್ತವೆ. ಈ ಒಂದು ಮಾತು ನೆನಪಿಟ್ಕೊಳ್ಳಿ, ಮುಂದೆ ಬರೋ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟೋದು. ಬೇಸ್ ಎಲ್ಲಿಂದ ಬಂದ್ರೂ ಹೆಡ್‌ಸೆಟ್ ನಡುಗುತ್ತೆ. ಬಾಂಬ್ ಸದ್ದೋ, ಹಾಡೋ, ಫ್ರೆಂಡಿನ ಫ್ಯಾನ್ ಸದ್ದೋ, ಅದಕ್ಕೆ ಗೊತ್ತಾಗಲ್ಲ.

ಈಗ ಡಾಂಗಲ್, ಅಂದ್ರೆ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸೋ, ಹೆಡ್‌ಸೆಟ್‌ಗೆ ವೈರ್ ಇಲ್ಲದೆ ಸದ್ದು ಕಳಿಸೋ ಪುಟ್ಟ ತುಂಡು. ತುಮಕೂರಿನ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತಲಿನ ಯಾವುದೇ ಪಿಜಿಯಲ್ಲಿ ಫೋನ್ ತೆಗೆದು ವೈಫೈ ಲಿಸ್ಟ್ ನೋಡಿ, ಅಕ್ಕಪಕ್ಕದ ಮನೆ, ಮೇಲಿನ ಫ್ಲೋರ್, ಎದುರು ಹಾಸ್ಟೆಲ್, ಎಲ್ಲರ ರೂಟರ್ ಹೆಸರೂ ಸಾಲಾಗಿ ಬರುತ್ತೆ. ಹೆಡ್‌ಸೆಟ್ ಡಾಂಗಲ್ ಓಡಾಡೋದೂ ಅದೇ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ. 2400ರಿಂದ 2483.5 ಮೆಗಾಹರ್ಟ್ಸ್, ಅಂದ್ರೆ ಬರೀ 83.5 ಮೆಗಾಹರ್ಟ್ಸ್ ಜಾಗ. ವೈಫೈ, ಬ್ಲೂಟೂತ್, ವೈರ್‌ಲೆಸ್ ಮೌಸ್, ಮೈಕ್ರೋವೇವ್ ಓವನ್ ಎಲ್ಲಕ್ಕೂ ಇದೇ ರಸ್ತೆ. ಸದ್ದು ಕಟ್ ಕಟ್ ಆಗಿ ಬಂದ್ರೆ ವೈಬ್ರೇಶನ್ನೂ ಅಲ್ಲಲ್ಲಿ ಬಿಟ್ಟು ಬಿಟ್ಟು ಬರುತ್ತೆ, ನೀವು ಹ್ಯಾಪ್ಟಿಕ್ಸೇ ಕೆಟ್ಟಿದೆ ಅಂದ್ಕೊಳ್ತೀರಿ.

ಇದಕ್ಕೆ ಮೊದಲ ಮದ್ದು ಡಾಂಗಲ್‌ನ ಜಾಗ ಬದಲಾಯಿಸೋದು. ಸಿಪಿಯು ಕ್ಯಾಬಿನೆಟ್ ಮೇಜಿನ ಕೆಳಗೆ, ಡಾಂಗಲ್ ಅದರ ಹಿಂಭಾಗದಲ್ಲಿ, ಪಕ್ಕದ ಪೋರ್ಟಿನಲ್ಲಿ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್: ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಯುಎಸ್‌ಬಿ 3.0 ಪೋರ್ಟು, ಅದಕ್ಕೆ ಹಾಕಿದ ಕೇಬಲ್ಲು ಡೇಟಾ ಓಡಿಸುವಾಗ 2.4 ಗಿಗಾಹರ್ಟ್ಸ್ ಸುತ್ತಲೇ ಗದ್ದಲ ಹೊರಗೆ ಬಿಡ್ತವೆ. 2012ರಲ್ಲಿ ಇಂಟೆಲ್ ಕಂಪನಿಯೇ ಇದನ್ನ ಅಳೆದು ಪ್ರಕಟಿಸಿದೆ. ಒಂದು ಮೀಟರಿನ ಸಾದಾ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಕೇಬಲ್ ತಗೊಳ್ಳಿ, ಕಪ್ಪು ಬಣ್ಣದ 2.0 ಪೋರ್ಟಿಗೆ ಹಾಕಿ, ಡಾಂಗಲ್ ಮೇಜಿನ ಮೇಲೆ ನಿಮ್ಮ ತಲೆಗೆ ನೇರವಾಗಿ ಕಾಣೋ ಹಾಗೆ ಇಡಿ. ಮಧ್ಯದಲ್ಲಿ ಗೋದ್ರೇಜ್ ಬೀರು, ಕಬ್ಬಿಣದ ಮಂಚ ಬರಬಾರದು. ರೂಟರ್ ಪಕ್ಕ ಅಂತೂ ಬೇಡವೇ ಬೇಡ.

ಆಮೇಲೆ ರೂಟರ್ ಸೆಟ್ಟಿಂಗ್. ಪಿಸಿಯನ್ನ ಲ್ಯಾನ್ ಕೇಬಲ್‌ಗೆ ಅಥವಾ 5 ಗಿಗಾಹರ್ಟ್ಸ್ ವೈಫೈಗೆ ಹಾಕಿ. ರೂಟರ್‌ನ 2.4 ಬ್ಯಾಂಡ್‌ನಲ್ಲಿ ಚಾನೆಲ್ ಅಗಲ 40 ಇದ್ರೆ 20 ಮೆಗಾಹರ್ಟ್ಸ್‌ಗೆ ಇಳಿಸಿ, ಚಾನೆಲ್ 1, 6, 11ರಲ್ಲಿ ಒಂದನ್ನ ಆರಿಸಿ. ಈ ಮೂರು ಒಂದರ ಮೇಲೊಂದು ಬೀಳಲ್ಲ. ಪಿಜಿ ಓನರ್ ರೂಟರ್ ಪಾಸ್‌ವರ್ಡ್ ಕೊಡಲ್ಲ ಅಂದ್ರೆ ಎಕ್ಸ್‌ಟೆನ್ಶನ್ ಕೇಬಲ್ ಒಂದೇ ಗತಿ. ಬಹಳ ಸಲ ಅಷ್ಟೇ ಸಾಕಾಗುತ್ತೆ.

ಕೆಲವು ಹೆಡ್‌ಸೆಟ್‌ನಲ್ಲಿ ಬ್ಲೂಟೂತ್ ಕೂಡ ಇರುತ್ತೆ. ಪಿಸಿ ಗೇಮ್‌ಗೆ ಅದನ್ನ ಬಳಸಬೇಡಿ. ಸದ್ದು ತಡವಾಗಿ ಬರುತ್ತೆ. ಅದಕ್ಕಿಂತ ಮುಖ್ಯ, ಮೈಕ್ ಆನ್ ಆದ ಕೂಡಲೇ ಹಳೆಯ ಬ್ಲೂಟೂತ್ ಹ್ಯಾಂಡ್ಸ್‌ಫ್ರೀ ಮೋಡ್‌ಗೆ ಹೋಗಿ ಸದ್ದು ಫೋನ್ ಕಾಲ್ ಥರ ಮೋನೋ ಆಗುತ್ತೆ. ಆಗ ಎಡ ಬಲ ಅನ್ನೋದೇ ಇರಲ್ಲ. ಪಿಎಸ್5ಗೆ ಯುಎಸ್‌ಬಿ ಡಾಂಗಲ್ ಆಗುತ್ತೆ, ಎಕ್ಸ್‌ಬಾಕ್ಸ್ ಕನ್ಸೋಲ್ ಮಾತ್ರ ತನ್ನ ಲೈಸೆನ್ಸ್ ಇಲ್ಲದ ಡಾಂಗಲ್‌ನ ಒಪ್ಪಲ್ಲ. ಕೊಳ್ಳೋ ಮೊದಲು ಡಬ್ಬಿ ಮೇಲೆ ಓದಿ.

ಈಗ ವಿಂಡೋಸ್. ಸ್ಕ್ರೀನ್ ನೋಡಿ. ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆಗೆದು ಕೊನೆಯ ಟ್ಯಾಬ್ ಕಮ್ಯುನಿಕೇಷನ್ಸ್‌ಗೆ ಹೋಗಿ. ಅಲ್ಲಿ ಮೊದಲೇ ಆಯ್ಕೆಯಾಗಿರೋದು ಉಳಿದ ಸದ್ದನ್ನ 80 ಪರ್ಸೆಂಟ್ ಇಳಿಸು ಅನ್ನೋದು. ವಾಯ್ಸ್ ಕಾಲ್ ಶುರುವಾಯ್ತು ಅಂತ ವಿಂಡೋಸ್‌ಗೆ ಅನ್ನಿಸಿದ್ರೆ ಗೇಮ್ ಸದ್ದು ಕುಸಿಯುತ್ತೆ, ಸದ್ದು ಕುಸಿದ್ರೆ ವೈಬ್ರೇಶನ್ನೂ ಸಾಯುತ್ತೆ. ಒಬ್ಬರೇ ಆಡುವಾಗ ಚೆನ್ನಾಗಿದೆ, ಗ್ಯಾಂಗ್ ಜೊತೆ ಆಡುವಾಗ ಹ್ಯಾಪ್ಟಿಕ್ಸ್ ಬರಲ್ಲ ಅನ್ನೋ ದೂರಿಗೆ ಕಾರಣ ಎಷ್ಟೋ ಸಲ ಇದೇ. ಡು ನಥಿಂಗ್ ಅನ್ನೋದನ್ನ ಒತ್ತಿ. ಸರೌಂಡ್, ಅಂದ್ರೆ ಸದ್ದು ಯಾವ ದಿಕ್ಕಿಂದ ಬಂತು ಅಂತ ಅನ್ನಿಸೋ ಹಾಗೆ ಮಾಡೋದು, ಅದರ ವಿಷಯದಲ್ಲೂ ಒಂದು ಎಚ್ಚರ: ಗೇಮಿನ ಹೆಡ್‌ಫೋನ್ ಮೋಡ್, ವಿಂಡೋಸ್ ಸೋನಿಕ್, ಹೆಡ್‌ಸೆಟ್ ಸಾಫ್ಟ್‌ವೇರಿನ 7.1, ಈ ಮೂರರಲ್ಲಿ ಒಂದೇ ಆನ್ ಇರಲಿ. ಎರಡು ಸೇರಿದ್ರೆ ದಿಕ್ಕು ಕಲಸಿಹೋಗುತ್ತೆ.

ಯಾರೂ ಮಾತಾಡದಿದ್ರೂ ಹೆಡ್‌ಸೆಟ್ ಸದಾ ಗುಂಯ್ ಅಂತ ನಡುಗ್ತಾನೇ ಇರೋ ತೊಂದರೆ ಒಂದಿದೆ, ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ಬೇಕು. ನಮ್ಮ ಮೇನ್ಸ್ ಕರೆಂಟ್ 50 ಹರ್ಟ್ಸ್. ನಿಮ್ಮ ಟೀಮ್‌ನಲ್ಲಿ ಯಾರಾದ್ರೂ ಅರ್ತಿಂಗ್ ಇಲ್ಲದ ಸಾಕೆಟ್‌ನಲ್ಲಿ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕ್ಕೊಂಡು, ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸಿ, ವೈರ್ ಮೈಕಲ್ಲಿ ಮಾತಾಡ್ತಿದ್ರೆ 50 ಮತ್ತು 100 ಹರ್ಟ್ಸ್‌ನ ಹಮ್, ಅಂದ್ರೆ ಕರೆಂಟಿನ ಗುಂಯ್ ಸದ್ದು, ಅವರ ಮೈಕ್‌ನಿಂದ ನಿಮ್ಮ ಕಿವಿಗೆ ಬರುತ್ತೆ. ಸಾದಾ ಹೆಡ್‌ಫೋನ್‌ನಲ್ಲಿ ಅದು ಕೇಳಿಸೋದೇ ಕಷ್ಟ. ಹ್ಯಾಪ್ಟಿಕ್ಸ್‌ಗೆ ಅದು ಹಬ್ಬದೂಟ. ಸೀಲಿಂಗ್ ಫ್ಯಾನ್ ಗಾಳಿ ನೇರ ಮೈಕ್‌ಗೆ ಹೊಡೆದ್ರೂ ಹೀಗೇ. ಪರಿಹಾರ ಅವರ ಕಡೆಯಿಂದಲೇ ಆಗ್ಬೇಕು: ಗ್ಯಾಂಗ್ ಮಾತಾಡೋ ಆ್ಯಪ್ ಡಿಸ್ಕಾರ್ಡ್‌ನಲ್ಲಿ ಗದ್ದಲ ಸೋಸೋ ಕ್ರಿಸ್ಪ್ ಆನ್ ಮಾಡೋದು, ಚಾರ್ಜರನ್ನ ಅರ್ತಿಂಗ್ ಇರೋ ಮೂರು ಪಿನ್ ಸಾಕೆಟ್‌ಗೆ ಬದಲಾಯಿಸೋದು. ನಿಮ್ಮ ಕಡೆ, ಹೆಡ್‌ಸೆಟ್ ಗೇಮ್ ಅಂತ, ಚಾಟ್ ಅಂತ ಎರಡು ಸೌಂಡ್ ಡಿವೈಸ್ ತೋರಿಸಿದ್ರೆ ಡಿಸ್ಕಾರ್ಡ್ ಔಟ್‌ಪುಟ್ ಚಾಟ್‌ಗೆ ಕೊಡಿ. ದಪ್ಪ ಗಂಟಲಿನ ಗಂಡಸಿನ ದನಿಯ ತಳ 100 ಹರ್ಟ್ಸ್ ಆಸುಪಾಸಿನಲ್ಲೇ ಇರುತ್ತೆ, ಅದಕ್ಕೂ ಹೆಡ್‌ಸೆಟ್ ನಡುಗೋದುಂಟು.

ಹ್ಯಾಪ್ಟಿಕ್ಸ್ ಎಷ್ಟಿಡಬೇಕು? ಕ್ರಾಕನ್ ವಿ3 ಪ್ರೋದಲ್ಲಿ ಇದಕ್ಕೇ ಒಂದು ಬಟನ್ ಇದೆ, ಆಫ್ ಬಿಟ್ಟು ಮೂರು ಹಂತ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ಥರದ ಗೇಮ್‌ಗೆ ಆಫ್ ಅಥವಾ ಅತಿ ಕಡಿಮೆ. ಅಲ್ಲಿ ಹೆಜ್ಜೆ ಸದ್ದೇ ಜೀವ, ನಿಮ್ಮದೇ ಗನ್ನಿನ ನಡುಕ ಅದನ್ನ ಮುಚ್ಚಿಹಾಕುತ್ತೆ. ಫೋರ್ಜಾ ಹರೈಜನ್ 5 ಥರದ ಕಾರ್ ಗೇಮ್‌ಗೆ ಮಧ್ಯಮ. ಎಂಜಿನ್ ಸದ್ದು ನಿರಂತರ ಇರೋದ್ರಿಂದ ಫುಲ್ ಇಟ್ರೆ ಅರ್ಧ ಗಂಟೆಗೇ ದವಡೆ ಮರಗಟ್ಟುತ್ತೆ. ಕಥೆ ಇರೋ ಗೇಮಲ್ಲಿ, ಸದ್ದು ಬಂದು ಹೋಗೋ ಕಡೆ, ಫುಲ್ ಇಟ್ರೂ ಚೆಂದ. ಇಳಿಸಿದ ಮೇಲೂ ಬರೀ ಜುಂ ಅನ್ನಿಸಿದ್ರೆ, ದಪ್ಪ-ತೆಳು ಸದ್ದನ್ನ ಬೇರೆ ಬೇರೆ ಏರಿಸಿ ಇಳಿಸೋ ಈಕ್ವಲೈಜರ್‌ನಲ್ಲಿ 60 ಹರ್ಟ್ಸ್ ಸುತ್ತ 3 ಡೆಸಿಬಲ್ ತೆಗೆಯಿರಿ. ಬೇಸ್ ಬೂಸ್ಟ್ ಮತ್ತು ಹ್ಯಾಪ್ಟಿಕ್ಸ್ ಎರಡೂ ಒಟ್ಟಿಗೆ ಬೇಡ, ಒಂದೇ ಕೆಲಸಕ್ಕೆ ಇಬ್ಬರು ಆಳು ಯಾಕೆ.

ವೈಬ್ರೇಶನ್ ಇದ್ರೆ ವಾಲ್ಯೂಮ್ ಇಳಿಸೋಕೆ ಮನಸ್ಸು ಬರುತ್ತೆ, ಇಳಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಾರಕ್ಕೆ 40 ಗಂಟೆ ಕೇಳೋದಾದ್ರೆ ಮಿತಿ ದೊಡ್ಡವರಿಗೆ 80 ಡೆಸಿಬಲ್, ಮಕ್ಕಳಿಗೆ 75. ಪ್ರತಿ 3 ಡೆಸಿಬಲ್ ಹೆಚ್ಚಾದ ಹಾಗೆಲ್ಲ ಸುರಕ್ಷಿತ ಸಮಯ ಅರ್ಧ ಆಗುತ್ತೆ.

ಕೂರಿಸೋ ರೀತಿ ಕೂಡ ಮುಖ್ಯ. ಜುಮುಕಿ, ದೊಡ್ಡ ಓಲೆ ಹಾಕಿದ್ರೆ ತೆಗೆದಿಡಿ, ಕಪ್ ನಡುಗಿದಾಗ ಅವು ಟಿಣಿಟಿಣಿ ಅಂತವೆ. ಕನ್ನಡಕದ ಕಡ್ಡಿ ಕೂಡ ಸದ್ದು ಮಾಡುತ್ತೆ, ತೆಳು ಕಡ್ಡಿಯ ಫ್ರೇಮ್ ಆದ್ರೆ ವಾಸಿ. ಮೈಕ್ ಕಡ್ಡಿ ಕಪ್ಪಿಗೇ ಅಂಟಿರೋದ್ರಿಂದ ನಡುಕ ಅದರೊಳಗೂ ಇಳಿಯುತ್ತೆ. ಹ್ಯಾಪ್ಟಿಕ್ಸ್ ಫುಲ್ ಇಟ್ಟು, ಗೇಮ್ ಓಡಿಸಿ, ಅರ್ಧ ನಿಮಿಷ ನಿಮ್ಮ ಮೈಕ್ ರೆಕಾರ್ಡ್ ಮಾಡಿ ಕೇಳಿ. ಗುಡುಗುಡು ಇದ್ರೆ ಒಂದು ಹಂತ ಇಳಿಸಿ.

ಬ್ಯಾಟರಿ. ಕ್ರಾಕನ್ ವಿ3 ಪ್ರೋಗೆ ಕಂಪನಿ ಹೇಳೋದು ಲೈಟು, ಹ್ಯಾಪ್ಟಿಕ್ಸ್ ಎರಡೂ ಆಫ್ ಇದ್ರೆ 44 ಗಂಟೆ, ಎರಡೂ ಆನ್ ಇದ್ರೆ 11. ಲೈಟಿಗೂ ಆಕ್ಚುಯೇಟರ್‌ಗೂ ಸೇರಿ ಅಷ್ಟು ಕರೆಂಟ್ ಬೇಕು. ಏಪ್ರಿಲ್ ಬಿಸಿಲಿಗೆ ಶೀಟ್ ಮನೆಯೊಳಗೆ, ಕಿಟಕಿ ಪಕ್ಕ ಚಾರ್ಜಿಗಿಡಬೇಡಿ, ಬಿಸಿಯಲ್ಲಿ ಲಿಥಿಯಂ ಸೆಲ್ ಬೇಗ ಮುಪ್ಪಾಗುತ್ತೆ. ಫರ್ಮ್‌ವೇರ್, ಅಂದ್ರೆ ಹೆಡ್‌ಸೆಟ್ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡುವಾಗ ಪಿಸಿ ಯುಪಿಎಸ್ ಮೇಲಿರಲಿ, ಹೆಡ್‌ಸೆಟ್ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರಲಿ. ನಡುವೆ ಕರೆಂಟ್ ಹೋದ್ರೆ ಹೆಡ್‌ಸೆಟ್ ಮತ್ತೆ ಏಳದೇ ಇರಬಹುದು.

ಸೆಕೆಂಡ್ ಹ್ಯಾಂಡ್ ತಗೊಳ್ಳೋಕೆ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗೋರು ಫೋನಿನಲ್ಲಿ 20ರಿಂದ 200 ಹರ್ಟ್ಸ್‌ವರೆಗೆ ಏರೋ ಟೋನ್ ಒಂದನ್ನ ಇಟ್ಕೊಂಡು ಹೋಗಿ. ಅದನ್ನ ಹೆಡ್‌ಸೆಟ್‌ನಲ್ಲಿ ಹಾಕಿ, ಮೊದಲು ಎಡ ಇಯರ್‌ಕಪ್, ಆಮೇಲೆ ಬಲ ಇಯರ್‌ಕಪ್, ಎರಡನ್ನೂ ಬೆರಳಿಂದ ಮುಟ್ಟಿ ನೋಡಿ. ನಡುಕ ಎರಡೂ ಕಡೆ ಒಂದೇ ಥರ ಏರಿಳಿಯಬೇಕು. ಒಂದು ಕಡೆ ಮಾತ್ರ ಟರ್ ಟರ್ ಅಂದ್ರೆ ಆಕ್ಚುಯೇಟರ್ ಅಥವಾ ಕಪ್ಪಿನ ಸ್ಕ್ರೂ ಸಡಿಲವಾಗಿರಬಹುದು. ಡಾಂಗಲ್ ಕಳೆದುಹೋಗಿದೆ, ಬ್ಲೂಟೂತ್‌ನಲ್ಲೇ ಆಡಿ ಅಂತ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ.