ಒಬ್ಬರ ಮೇಲೆ ಕೇಸು ಇದೆಯಾ ಅಂತ ನೋಡೋದು ಹೇಗೆ? | ಟೆಕ್ಸಾಸ್ ಕೌಂಟಿ ಕೋರ್ಟಿಗೆ ಒಂದು ಭೇಟಿ

ಎಲ್ಲರಿಗೂ ನಮಸ್ಕಾರ. ಇವತ್ತು ಡಲ್ಲಾಸ್ ಹತ್ತಿರದ ನಮ್ಮ ಫ್ರಿಸ್ಕೋದಿಂದ ಮೆಕಿನ್ನಿಗೆ ಹೊರಟಿದ್ದೇವೆ. ಅಲ್ಲಿ ಕಾಲಿನ್ ಕೌಂಟಿಯ ಕೋರ್ಟು ಇದೆ. ಕೌಂಟಿ ಅಂದರೆ ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ. ಗಾಬರಿಯಾಗಬೇಡಿ, ನನ್ನ ಮೇಲೆ ಯಾವ ಕೇಸೂ ಇಲ್ಲ!

ವಿಷಯ ಇಷ್ಟೇ. ಅಮ್ಮ ಬಂದು ಆರು ತಿಂಗಳಾಗುತ್ತಾ ಬಂತು, ವಾಪಸ್ ಹೊರಡಬೇಕು. ಮಗಳನ್ನು ನೋಡಿಕೊಳ್ಳಲು ಒಬ್ಬ ನ್ಯಾನಿ ಬೇಕು. ಅಮೆರಿಕದಲ್ಲಿರುವ ನಮ್ಮವರಿಗೆಲ್ಲ ಇದು ಗೊತ್ತಿರುವ ಕಥೆ. ವಾಟ್ಸಾಪ್ ಗ್ರೂಪಲ್ಲಿ ಕೇಳುತ್ತೇವೆ, ಯಾರೋ ಒಂದು ನಂಬರ್ ಕಳಿಸುತ್ತಾರೆ, "ತುಂಬಾ ಒಳ್ಳೆಯವರು" ಅಂತಾರೆ. ಅಷ್ಟು ಕೇಳಿ ಮಗುವನ್ನು ಒಪ್ಪಿಸೋಕೆ ನನಗಂತೂ ಧೈರ್ಯ ಬರುವುದಿಲ್ಲ.

ಗೂಗಲ್‌ನಲ್ಲಿ ಹೆಸರು ಹಾಕಿ ನೋಡಿ. ಮೊದಲು ಬರುವುದೆಲ್ಲ ದುಡ್ಡಿನ ಸೈಟುಗಳೇ. ಒಂದು ಚಕ್ರ ಸುಮ್ನೆ ಸುತ್ತುತ್ತಾ ಇರುತ್ತದೆ, "ದಾಖಲೆಗಳು ಸಿಕ್ಕಿವೆ" ಅಂತ ಕೆಂಪಕ್ಷರದಲ್ಲಿ ಬರುತ್ತದೆ, ಆಮೇಲೆ ಕಾರ್ಡ್ ನಂಬರ್ ಕೇಳುತ್ತದೆ. ಅವರು ಮಾರುವುದು ಬಹುಪಾಲು ಯಾವತ್ತೋ ಕೋರ್ಟುಗಳಿಂದ ಎತ್ತಿಕೊಂಡ ಹಳೇ ಮಾಹಿತಿಯನ್ನು. ಆಮೇಲೆ ಆ ಕೇಸು ವಜಾ ಆಗಿದ್ದರೂ ಅವರ ಪಟ್ಟಿ ಬದಲಾಗದೇ ಇರಬಹುದು. ಮೂಲ ದಾಖಲೆ ಇರುವುದು ಕೌಂಟಿಯಲ್ಲಿ, ಅದನ್ನು ಯಾರು ಬೇಕಾದರೂ ನೋಡಬಹುದು.

ಇಡೀ ದೇಶಕ್ಕೆ ಒಂದೇ ಕಡೆ ಎಲ್ಲ ಸಿಗುವುದಿಲ್ಲವಾ ಅಂತ ಕೇಳಬಹುದು. ಎಫ್‌ಬಿಐ ಹತ್ತಿರ ಇದೆ, ನಮಗೆ ಕೊಡುವುದಿಲ್ಲ. ಪತ್ರಕರ್ತರ ಒಂದು ಸಂಘಟನೆ ಇದಕ್ಕಾಗಿ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. 1989ರಲ್ಲಿ ತೀರ್ಪು ಬಂತು. ಬಿಡಿ ಬಿಡಿ ಕಾಗದಗಳು ಬೇರೆ ಬೇರೆ ಊರಿನ ಕೋರ್ಟುಗಳಲ್ಲಿ ಜನರಿಗೆ ಸಿಗುವಂಥವೇ ಆಗಿರಬಹುದು, ಆದರೆ ಸರ್ಕಾರ ಅವನ್ನೆಲ್ಲ ಒಬ್ಬ ವ್ಯಕ್ತಿಯ ಹೆಸರಲ್ಲಿ ಒಟ್ಟು ಮಾಡಿಟ್ಟ ಪಟ್ಟಿ ಆ ವ್ಯಕ್ತಿಯ ಖಾಸಗಿ ವಿಷಯ ಅಂತ ಕೋರ್ಟು ಹೇಳಿತು. ಹಾಗಾಗಿ ನಾವು ಊರೂರಿಗೆ ಹೋಗಿ ಕೇಳಬೇಕು. ಕಿರಿಕಿರಿ ಅನ್ನಿಸುತ್ತದೆ, ನಿಜ. ಆದರೆ ನನ್ನ ಹೆಸರು ಬಡಿದರೆ ಎಲ್ಲ ಬಯಲಾಗುವ ಒಂದು ಬಟನ್ ಎಲ್ಲರ ಕೈಗೂ ಸಿಗೋದು ನನಗೇನೂ ಇಷ್ಟವಿಲ್ಲ.

ಟೆಕ್ಸಾಸ್‌ನಲ್ಲಿ 254 ಕೌಂಟಿಗಳಿವೆ. ಕೇಸು ಸಾಮಾನ್ಯವಾಗಿ ಘಟನೆ ನಡೆದ ಕೌಂಟಿಯಲ್ಲಿ ದಾಖಲಾಗುತ್ತದೆ, ಆ ವ್ಯಕ್ತಿಯ ಮನೆ ಎಲ್ಲಿದೆ ಅನ್ನೋದು ಮುಖ್ಯ ಅಲ್ಲ. ನಮ್ಮ ಫ್ರಿಸ್ಕೋನೇ ನೋಡಿ. ಅರ್ಧ ಊರು ಕಾಲಿನ್ ಕೌಂಟಿ, ಇನ್ನರ್ಧ ಡೆಂಟನ್ ಕೌಂಟಿ. ಡಲ್ಲಾಸ್ ನಗರವಂತೂ ಐದು ಕೌಂಟಿಗಳಿಗೆ ಚಾಚಿಕೊಂಡಿದೆ. ಇಲ್ಲಿ ಮಲಗಿ ಅಲ್ಲಿ ಕೆಲಸ ಮಾಡಿ ಇನ್ನೊಂದು ಕಡೆ ಊಟ ಮಾಡುವ ಜನ ನಾವು. ಆದ್ದರಿಂದ ಈ ಭಾಗದಲ್ಲಿ ಒಬ್ಬರ ಬಗ್ಗೆ ನೋಡಬೇಕಾದರೆ ಕಾಲಿನ್, ಡೆಂಟನ್, ಡಲ್ಲಾಸ್ ಮೂರನ್ನೂ ನೋಡಿ. ಮೂರೂ ಕೌಂಟಿಗಳ ಸೈಟಲ್ಲಿ ಹೆಸರು ಹಾಕಿ ಕೇಸು ಹುಡುಕಬಹುದು. ಆ ವ್ಯಕ್ತಿ ಮೊದಲು ಎಲ್ಲೆಲ್ಲಿ ಇದ್ದರು ಅಂತ ಅವರನ್ನೇ ಕೇಳಿಬಿಡಿ. ನಾವು ಕೇಳಿದೆವು, ಅವರು ಹೇಳಿದರು. ಕದ್ದು ನೋಡುವ ಕೆಲಸವೇನೂ ಅಲ್ಲವಲ್ಲ.

ಕೋರ್ಟು ಬಂತು. ಬ್ಲೂಮ್‌ಡೇಲ್ ರಸ್ತೆಯಲ್ಲಿ ಈ ದೊಡ್ಡ ಕಟ್ಟಡ. ಒಳಗೆ ಕ್ಯಾಮೆರಾ ಆಫ್ ಮಾಡುತ್ತೇನೆ, ನೀವು ನನ್ನ ದನಿ ಮಾತ್ರ ಕೇಳಿ.

ಇಲ್ಲಿ ಕೋರ್ಟಿನ ದಾಖಲೆ ಇಡುವ ಕ್ಲರ್ಕ್ ಆಫೀಸು ಒಂದಲ್ಲ, ಎರಡು. ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ ಫೆಲನಿ, ಅಂದರೆ ದೊಡ್ಡ ಅಪರಾಧಗಳು. ಕೌಂಟಿ ಕ್ಲರ್ಕ್ ಹತ್ತಿರ ಕ್ಲಾಸ್ ಎ ಮತ್ತು ಕ್ಲಾಸ್ ಬಿ ಮಿಸ್‌ಡಿಮೀನರ್‌ಗಳು, ಅಂದರೆ ಅದಕ್ಕಿಂತ ಸಣ್ಣ ಅಪರಾಧಗಳು. ಮೊದಲ ಸಲ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಸಾಮಾನ್ಯವಾಗಿ ಕ್ಲಾಸ್ ಬಿ. ಅಂಗಡಿಯಲ್ಲಿ 100 ಡಾಲರ್‌ನಿಂದ 750 ಡಾಲರ್ ಒಳಗಿನ ಕಳ್ಳತನ ಕೂಡ ಕ್ಲಾಸ್ ಬಿ. 100 ಡಾಲರ್‌ಗಿಂತ ಕಡಿಮೆಯಾದರೆ ಕ್ಲಾಸ್ ಸಿ. ಅದಕ್ಕೆ ಜೈಲಿಲ್ಲ, 500 ಡಾಲರ್ ತನಕ ದಂಡ. ಕ್ಲಾಸ್ ಸಿ ಕೇಸುಗಳು ಈ ಎರಡು ಆಫೀಸಿಗೂ ಬರುವುದಿಲ್ಲ, ಆಯಾ ಊರಿನ ಮುನಿಸಿಪಲ್ ಕೋರ್ಟು ಅಥವಾ ಜಸ್ಟಿಸ್ ಆಫ್ ದಿ ಪೀಸ್ ಕೋರ್ಟಿನಲ್ಲಿ ಇರುತ್ತವೆ. ಸ್ಪೀಡಿಂಗ್ ಟಿಕೆಟ್ಟೂ ಅಲ್ಲೇ. ನ್ಯಾನಿ ನಿಮ್ಮ ಮಗುವನ್ನು ಕಾರಲ್ಲಿ ಕರೆದುಕೊಂಡು ಹೋಗುವವರಾದರೆ ಅದನ್ನೂ ಬಿಡಬೇಡಿ. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ ಏರ್ಪಾಡು ಬೇರೆ, ಅಲ್ಲಿ ಮಿಸ್‌ಡಿಮೀನರ್ ಕೂಡ ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರವೇ.

ಈಗ ನಿಜವಾದ ತಲೆನೋವು: ಹೆಸರು. ಕೋರ್ಟಿನ ಹುಡುಕಾಟ ನೀವು ಬಡಿದ ಅಕ್ಷರವನ್ನೇ ನಂಬುತ್ತದೆ. ನಮ್ಮ ಹೆಸರುಗಳಂತೂ ಕೇಳಲೇಬೇಡಿ. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಕೆ-ಎಸ್-ಎಚ್ ಹಾಕಿ ಬರೆಯುವವರಿದ್ದಾರೆ, ಎಕ್ಸ್ ಹಾಕಿ ಬರೆಯುವವರೂ ಇದ್ದಾರೆ. ಶಿವಕುಮಾರ್ ಒಂದು ಕಡೆ ಒಂದೇ ಪದ, ಇನ್ನೊಂದು ಕಡೆ ಎರಡು. ಅಪ್ಪನ ಹೆಸರೋ ಊರಿನ ಹೆಸರೋ ಕೊನೇ ಹೆಸರಾಗಿರುತ್ತದೆ. ಪಾಸ್‌ಪೋರ್ಟಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ "ಎಫ್‌ಎನ್‌ಯು" (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಹಾಕುತ್ತಾರೆ, ಅದೇ ಹೆಸರಲ್ಲಿ ಕೇಸೂ ದಾಖಲಾಗಿರಬಹುದು. ಮದುವೆಗೆ ಮುಂಚಿನ ಹೆಸರು ಬೇರೆ. ಹಾಗಾಗಿ ಕೊನೇ ಹೆಸರನ್ನು ಪೂರ್ತಿ, ಮೊದಲ ಹೆಸರಿನ ಒಂದೆರಡು ಅಕ್ಷರ ಮಾತ್ರ ಹಾಕಿ ನೋಡಿ, ಜಾಸ್ತಿ ಸಿಗುತ್ತದೆ.

ಜಾಸ್ತಿ ಸಿಕ್ಕರೆ ಅದೂ ಅಪಾಯವೇ. ಪಟೇಲ್, ರೆಡ್ಡಿ, ಗಾರ್ಸಿಯಾ ಅಂತ ಹಾಕಿದರೆ ಪುಟಗಟ್ಟಲೆ ಬರುತ್ತದೆ. ಹುಟ್ಟಿದ ದಿನಾಂಕ ಹೊಂದಿಸಿ ನೋಡದೆ "ಅಯ್ಯೋ ಇವರೇ" ಅಂತ ತೀರ್ಮಾನ ಮಾಡಬಾರದು. ಯಾರದೋ ಕೇಸನ್ನು ಇನ್ಯಾರದೋ ತಲೆಗೆ ಕಟ್ಟಿ ಗ್ರೂಪಲ್ಲಿ ಫಾರ್ವರ್ಡ್ ಮಾಡಿದರೆ ಒಬ್ಬರ ಅನ್ನಕ್ಕೆ ಕಲ್ಲು ಬೀಳುತ್ತದೆ.

ಹೆಸರೂ ದಿನಾಂಕವೂ ಹೊಂದಿತು ಅಂದುಕೊಳ್ಳಿ. ಮುಂದೆ ಓದಬೇಕಾದದ್ದು ಆರೋಪದ ಸಾಲನ್ನಲ್ಲ, ಕೇಸು ಹೇಗೆ ಮುಗಿಯಿತು ಅನ್ನುವ ಸಾಲನ್ನು. ಅದಕ್ಕೆ "ಡಿಸ್ಪೊಸಿಷನ್" ಅಂತಾರೆ. ವಜಾ ಆಗಿದ್ದರೂ ಕೇಸು ಸೈಟಲ್ಲಿ ಕಾಣುತ್ತಲೇ ಇರುತ್ತದೆ. ಇನ್ನೊಂದು ಇದೆ, "ಡಿಫರ್ಡ್ ಅಡ್ಜುಡಿಕೇಶನ್". ಆರೋಪಿ ತಪ್ಪೊಪ್ಪಿಕೊಂಡರೂ, ಅಥವಾ ಆರೋಪವನ್ನು ಎದುರಿಸುವುದಿಲ್ಲ ಅಂದರೂ, ಜಡ್ಜ್ ಅಪರಾಧಿ ಅಂತ ಘೋಷಿಸದೆ ಷರತ್ತು ಹಾಕುತ್ತಾರೆ. ಷರತ್ತು ಪಾಲಿಸಿದರೆ ಟೆಕ್ಸಾಸ್ ಕಾನೂನಿನಲ್ಲಿ ಸಾಮಾನ್ಯವಾಗಿ ಅದು ಶಿಕ್ಷೆಯಾದ ಲೆಕ್ಕವಲ್ಲ.

ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ ಕೊಡುತ್ತೇನೆ. ಟೆಕ್ಸಾಸ್‌ನ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಮೇಲೆ 2015ರಲ್ಲಿ ಇದೇ ಕಾಲಿನ್ ಕೌಂಟಿಯಲ್ಲಿ ಷೇರು ವಂಚನೆಯ ಆರೋಪ ದಾಖಲಾಯಿತು. ಕೇಸ್ ನಂಬರ್ 416ರಿಂದ ಶುರುವಾಗಿ 2015ರಲ್ಲಿ ಮುಗಿಯುತ್ತದೆ. ಮೊದಲಿನದು 416ನೇ ಡಿಸ್ಟ್ರಿಕ್ಟ್ ಕೋರ್ಟು, ಕೊನೆಯದು ಇಸವಿ. ಇಷ್ಟು ಗೊತ್ತಿದ್ದರೆ ಇಲ್ಲಿನ ಯಾವ ಫೆಲನಿ ನಂಬರನ್ನೂ ಓದಬಹುದು. 2017ರಲ್ಲಿ ಆ ಕೇಸನ್ನು ಹ್ಯಾರಿಸ್ ಕೌಂಟಿಗೆ ವರ್ಗ ಮಾಡಿದರು. ಎಲ್ಲಿ ನಡೆಯಬೇಕು ಅಂತಲೇ ವರ್ಷಗಟ್ಟಲೆ ಜಗಳ ನಡೆಯಿತು. 2024ರ ಮಾರ್ಚಿನಲ್ಲಿ ಒಪ್ಪಂದವಾಯಿತು: 100 ಗಂಟೆ ಸಮಾಜ ಸೇವೆ, 15 ಗಂಟೆ ವಕೀಲಿ ನೀತಿಯ ತರಗತಿ, ಸುಮಾರು 2.7 ಲಕ್ಷ ಡಾಲರ್ ಪರಿಹಾರ. ತಪ್ಪೊಪ್ಪಿಗೆ ಇಲ್ಲ, ವಿಚಾರಣೆಯೂ ಇಲ್ಲ. ಮೆಕಿನ್ನಿಯ ದಾಖಲೆಯೊಂದನ್ನೇ ನೋಡಿದವರಿಗೆ ಈ ಕಥೆಯ ಕೊನೆ ಸಿಗುವುದಿಲ್ಲ.

ಬೇರೆ ರಾಜ್ಯಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಕ್ರಿಮಿನಲ್ ಕೇಸಿನ ಕಾಗದಗಳನ್ನು ಮನೆಯಲ್ಲಿ ಕೂತು ತೆರೆಯಲು ಜನರಿಗೆ ಬಿಡುವುದಿಲ್ಲ, ಕೋರ್ಟಿಗೇ ಹೋಗಬೇಕು. ಮೇಲಾಗಿ 2021ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು, ಹುಟ್ಟಿದ ದಿನಾಂಕ ಹಾಕಿ ಕೋರ್ಟಿನ ಸೂಚಿಯಲ್ಲಿ ಹುಡುಕಲು ಬಿಡಬಾರದು ಅಂದಿತು. ನ್ಯೂಯಾರ್ಕ್ ಉಲ್ಟಾ. ಅಲ್ಲಿ ಕೋರ್ಟು ಆಡಳಿತವೇ ಇಡೀ ರಾಜ್ಯಕ್ಕೆ ಒಟ್ಟಾಗಿ ಹುಡುಕಿ ಕೊಡುತ್ತದೆ, ಆದರೆ 95 ಡಾಲರ್ ಕೀಳುತ್ತದೆ. ಫೆಡರಲ್ ಕೇಸುಗಳು, ಅಂದರೆ ಕೇಂದ್ರ ಸರ್ಕಾರದ ಕೋರ್ಟುಗಳ ಕೇಸುಗಳು, ಯಾವ ಕೌಂಟಿಯಲ್ಲೂ ಇರುವುದಿಲ್ಲ. ಅದಕ್ಕೆ ಪೇಸರ್ ಅನ್ನುವ ಸೈಟು, ಪುಟಕ್ಕೆ 10 ಸೆಂಟ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಬಿಲ್ ಇಲ್ಲ. ಬೆಂಗಳೂರಿನಲ್ಲಿ ಕೂತು ನೋಡುತ್ತಿರುವವರಿಗೆ ಇ-ಕೋರ್ಟ್ಸ್ ಅನ್ನುವ ಸರ್ಕಾರಿ ಸೈಟು ಇದೆಯಲ್ಲ, ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ ಕಕ್ಷಿದಾರರ ಹೆಸರು ಹಾಕಿದರೆ ಆಯಿತು. ಅದೂ ಪುಕ್ಕಟೆ.

ನೀವೇ ಕೋರ್ಟಿಗೆ ಹೋಗಿ ನೋಡಿದರೆ ಯಾರ ಅನುಮತಿಯೂ ಬೇಡ. ಆದರೆ ಕೆಲಸಕ್ಕೆ ತೆಗೆದುಕೊಳ್ಳಲು ಕಂಪನಿಯೊಂದರ ಮೂಲಕ ಬ್ಯಾಕ್‌ಗ್ರೌಂಡ್ ಚೆಕ್ ಮಾಡಿಸುವುದಾದರೆ, ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್ ಅನ್ನುವ ಕೇಂದ್ರ ಕಾನೂನಿನ ಪ್ರಕಾರ ಆ ವ್ಯಕ್ತಿಯ ಲಿಖಿತ ಒಪ್ಪಿಗೆ ಬೇಕು. ರಿಪೋರ್ಟ್ ನೋಡಿ ಬೇಡ ಅನ್ನುವುದಾದರೆ ಮೊದಲು ಅದರ ಪ್ರತಿಯನ್ನು ಅವರ ಕೈಗೆ ಕೊಡಬೇಕು. ತಪ್ಪಿದ್ದರೆ ಅವರು ಸರಿ ಮಾಡಿಸಿಕೊಳ್ಳಲಿ ಅಂತ.

ಇಷ್ಟು ದೂರ ಬಂದಿದ್ದೇವೆ, ನಿಮ್ಮ ಹೆಸರನ್ನೂ ಒಂದು ಸಲ ಹಾಕಿ ನೋಡಿ. ಕಾಲೇಜಿನ ದಿನಗಳಲ್ಲಿ ಏನೋ ಆಗಿ, ವಜಾ ಆಗಿ, ಮರೆತೇಹೋಗಿರುತ್ತದೆ. ಟೆಕ್ಸಾಸ್‌ನಲ್ಲಿ ಕೆಲವು ಕೇಸುಗಳನ್ನು "ಎಕ್ಸ್‌ಪಂಕ್ಷನ್" ಮಾಡಿಸಿ ಅಳಿಸಬಹುದು, ಇನ್ನು ಕೆಲವನ್ನು "ನಾನ್‌ಡಿಸ್‌ಕ್ಲೋಷರ್" ಆದೇಶ ತಂದು ಜನರ ಕಣ್ಣಿಂದ ಮರೆಮಾಡಬಹುದು. ಎಚ್-1ಬಿ, ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರು ಸ್ವಲ್ಪ ನಿಲ್ಲಿ. ಇಮಿಗ್ರೇಶನ್‌ನವರು ಅಳಿಸಿದ ಕೇಸನ್ನೂ ಕೇಳುತ್ತಾರೆ, ಕೋರ್ಟಿನ ಮುದ್ರೆ ಬಿದ್ದ ಡಿಸ್ಪೊಸಿಷನ್ ಪ್ರತಿಯನ್ನೂ ಕೇಳುತ್ತಾರೆ. ಡಿಫರ್ಡ್ ಅಡ್ಜುಡಿಕೇಶನ್ ಅವರ ಲೆಕ್ಕದಲ್ಲಿ ಶಿಕ್ಷೆಯೇ ಆಗಿಬಿಡಬಹುದು. ಮೊದಲು ಇಮಿಗ್ರೇಶನ್ ವಕೀಲರ ಹತ್ತಿರ ಮಾತಾಡಿ. ಅಳಿಸೋದಕ್ಕೆ ಮುಂಚೆ ಕ್ಲರ್ಕ್ ಆಫೀಸಿಗೆ ಬಂದು ಸರ್ಟಿಫೈಡ್ ಪ್ರತಿ ಎರಡೋ ಮೂರೋ ತೆಗೆದಿಟ್ಟುಕೊಳ್ಳಿ. ಅಳಿಸಿದ ಮೇಲೆ ಬಂದು ಕೇಳಿದರೆ ಕೊಡೋಕೆ ಅವರ ಹತ್ತಿರ ಏನೂ ಉಳಿದಿರುವುದಿಲ್ಲ.