ವಕೀಲರ ವಕೀಲರನ್ನೂ ಹಿಡಿದಾಗ: ಚೀನಾದ 709 ಕಾರ್ಯಾಚರಣೆಯ ಕತೆ

[ಕಪ್ಪು ತೆರೆ. ಬಾಗಿಲನ್ನು ಜೋರಾಗಿ ತಳ್ಳುವ ಸದ್ದು.]

2015ರ ಜುಲೈ 9. ಬೀಜಿಂಗ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ವಾಂಗ್ ಯು ಎಂಬ ವಕೀಲೆ ಮನೆಯಲ್ಲಿ ಒಬ್ಬರೇ ಇದ್ದಾರೆ. ಮಗ ಆಸ್ಟ್ರೇಲಿಯಾಕ್ಕೆ ಹೊರಟಿದ್ದ, ಅವನನ್ನು ಬಿಡಲು ಗಂಡ ವಿಮಾನ ನಿಲ್ದಾಣಕ್ಕೆ ಹೋಗಿದ್ದರು. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಇಂಟರ್ನೆಟ್ಟೂ ಹೋಯಿತು. ಯಾರೋ ಬಾಗಿಲು ಮುರಿಯಲು ನೋಡ್ತಿದ್ದಾರೆ ಅಂತ ಗೆಳೆಯರಿಗೆ ಮೆಸೇಜ್ ಹಾಕಿದರು. ಆಮೇಲೆ ಅವರ ಸುದ್ದಿಯೇ ಇಲ್ಲ. ಅತ್ತ ವಿಮಾನ ನಿಲ್ದಾಣದಲ್ಲಿ ಗಂಡನನ್ನೂ ಹಿಡಿದಿದ್ದರು.

ಮುಂದಿನ ದಿನಗಳಲ್ಲಿ 300ಕ್ಕೂ ಹೆಚ್ಚು ವಕೀಲರು, ಅವರ ಕಚೇರಿಯ ಸಹಾಯಕರು, ಕಾರ್ಯಕರ್ತರು, ಮನೆಯವರು ಪೊಲೀಸರ ಕೈಗೆ ಸಿಕ್ಕಿದರು. ಕೆಲವರನ್ನು ಪ್ರಶ್ನೆ ಕೇಳಿ ಬಿಟ್ಟರು, ಕೆಲವರನ್ನು ವರ್ಷಗಟ್ಟಲೆ ಬಿಡಲಿಲ್ಲ. ಜುಲೈ ಅಂದರೆ ಏಳನೇ ತಿಂಗಳು, ದಿನ ಒಂಬತ್ತು. ಹಾಗಾಗಿ ಇದಕ್ಕೆ 709 ಎಂಬ ಹೆಸರು ಬಂತು.

[ತೆರೆಯ ಮೇಲೆ ಬರಹ: 709]

ಇವರು ಮಾಡಿದ ತಪ್ಪಾದರೂ ಏನು? ಯಾರೂ ಮುಟ್ಟದ ಕೇಸುಗಳನ್ನು ಹಿಡಿದದ್ದು. ವಾಂಗ್ ಯು ಅವರ ಕಕ್ಷಿದಾರರಲ್ಲಿ ಉಯಿಘರ್ (ಚೀನಾದ ಮುಸ್ಲಿಂ ಅಲ್ಪಸಂಖ್ಯಾತ ಸಮುದಾಯ) ವಿದ್ವಾಂಸ ಇಲ್ಹಾಮ್ ತೊಹ್ತಿ ಇದ್ದರು. 2014ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಗಿತ್ತು. ಸರ್ಕಾರವನ್ನು ಪ್ರಶ್ನಿಸಿದವರ ಪರ ನಿಂತವರನ್ನು ಸರ್ಕಾರ ಆ ಪ್ರಶ್ನೆಯ ಪಾಲುದಾರರನ್ನಾಗಿಯೇ ನೋಡಿತು. ವಕೀಲರನ್ನು ಅವರ ಕಕ್ಷಿದಾರರ ಜೊತೆ ಸಮೀಕರಿಸಬಾರದು ಅಂತ ವಿಶ್ವಸಂಸ್ಥೆಯ ಸಮ್ಮೇಳನವೊಂದು 1990ರಲ್ಲೇ ಹವಾನಾದಲ್ಲಿ ತತ್ವವೊಂದನ್ನು ಅಂಗೀಕರಿಸಿದೆ. ಆ ಒಂದು ಸಾಲಿಗೆ ಎಷ್ಟು ತೂಕವಿದೆ ಅನ್ನೋದು 709ರ ಕತೆ ಓದಿದ ಮೇಲೇ ನನಗೆ ಅರ್ಥವಾದದ್ದು.

ಹಿಡಿದವರನ್ನು ಇಟ್ಟದ್ದೆಲ್ಲಿ? ಇಲ್ಲಿ ಸ್ವಲ್ಪ ನಿಲ್ಲೋಣ. ಚೀನಾದ ಅಪರಾಧ ಪ್ರಕ್ರಿಯಾ ಕಾನೂನಿಗೆ 2012ರ ತಿದ್ದುಪಡಿಯಲ್ಲಿ ಬಂದ 73ನೇ ವಿಧಿ (2018ರ ತಿದ್ದುಪಡಿಯ ನಂತರ 75ನೇ ವಿಧಿ) 'ಗೊತ್ತುಪಡಿಸಿದ ಜಾಗದಲ್ಲಿ ವಸತಿ ನಿಗಾ' ಎಂಬುದಕ್ಕೆ ಅವಕಾಶ ಕೊಡುತ್ತದೆ. ಕೇಳಿದರೆ ಗೃಹಬಂಧನ ಅನ್ನಿಸುತ್ತೆ. ಆದರೆ ಗೃಹ ನಿಮ್ಮದಲ್ಲ, ಪೊಲೀಸರು ಆರಿಸಿದ್ದು. ಆರು ತಿಂಗಳವರೆಗೆ ಇಡಬಹುದು. ಎಲ್ಲಿಟ್ಟಿದ್ದೇವೆ ಅಂತ ಮನೆಯವರಿಗೆ ಹೇಳಬೇಕಾಗಿಲ್ಲ. ರಾಷ್ಟ್ರದ ಭದ್ರತೆಯ ಕೇಸು ಅಂದುಬಿಟ್ಟರೆ, ವಕೀಲರು ಭೇಟಿಯಾಗಲು ತನಿಖೆ ಮಾಡುವವರದ್ದೇ ಅಪ್ಪಣೆ ಬೇಕು. ನೆನಪಿಡಿ, ಒಳಗಿರುವವರೇ ವಕೀಲರು. ತಮ್ಮ ಹಕ್ಕುಗಳ ಕಲಮುಗಳು ಅವರಿಗೆ ಬಾಯಿಪಾಠ.

ಚಾಂಗ್‌ಶಾ ನಗರದ ವಕೀಲ ಶಿಯೆ ಯಾಂಗ್ ಅಲ್ಲಿ ಅನುಭವಿಸಿದ್ದನ್ನು ಮುಂದೆ ತಮ್ಮ ವಕೀಲರಿಗೆ ಪ್ರಶ್ನೋತ್ತರದ ರೂಪದಲ್ಲಿ ಹೇಳಿದರು. ಪ್ಲಾಸ್ಟಿಕ್ ಸ್ಟೂಲುಗಳನ್ನು ಒಂದರ ಮೇಲೊಂದು ಪೇರಿಸಿ, ಕಾಲು ನೆಲಕ್ಕೆ ತಾಗದ ಹಾಗೆ ಕೂರಿಸುತ್ತಿದ್ದರಂತೆ, ಗಂಟೆಗಟ್ಟಲೆ. ನಿದ್ದೆ ಮಾಡಲು ಬಿಡುತ್ತಿರಲಿಲ್ಲ. ಮುಖಕ್ಕೆ ಸಿಗರೇಟಿನ ಹೊಗೆ ಊದುತ್ತಿದ್ದರು. 2017ರ ಜನವರಿಯಲ್ಲಿ ಈ ಹೇಳಿಕೆ ಹೊರಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಕೋರ್ಟಿನಲ್ಲಿ ನಿಂತ ಶಿಯೆ ಯಾಂಗ್, ತನಗೆ ಚಿತ್ರಹಿಂಸೆ ಆಗಿಲ್ಲ ಅಂದರು. ನಡುವಿನ ತಿಂಗಳುಗಳಲ್ಲಿ ಅವರು ಇದ್ದದ್ದು ಅದೇ ಪೊಲೀಸರ ವಶದಲ್ಲಿ.

ವಾಂಗ್ ಯು ಅವರೂ 2016ರ ಆಗಸ್ಟ್‌ನಲ್ಲಿ ಕ್ಯಾಮೆರಾ ಮುಂದೆ ಕೂತು ತಮ್ಮ ಕೆಲಸವನ್ನು ತಾವೇ ಹಳಿದುಕೊಂಡರು. ಅದಕ್ಕೆ ಮೊದಲು, 16 ವರ್ಷದ ಅವರ ಮಗ ದೇಶ ಬಿಡಲು ಹೋಗಿ ಮ್ಯಾನ್ಮಾರ್ ಗಡಿಯಲ್ಲಿ ಸಿಕ್ಕಿಬಿದ್ದಿದ್ದ. ಆ ವಿಡಿಯೋ ನೋಡುವಾಗ ನನ್ನ ತಲೆಯಲ್ಲಿದ್ದದ್ದು ಆ ಹುಡುಗ ಮಾತ್ರ.

[ತೆರೆಯ ಮೇಲೆ ಎರಡು ಹೆಸರು: ವಾಂಗ್ ಚುವಾನ್‌ಝಾಂಗ್, ಯು ವೆನ್‌ಶೆಂಗ್. ನಡುವೆ ಒಂದು ಗೆರೆ.]

ಈಗ ಈ ಇಬ್ಬರ ವಿಷಯಕ್ಕೆ ಬರೋಣ. ವಕೀಲ ವಾಂಗ್ ಚುವಾನ್‌ಝಾಂಗ್ ಅವರನ್ನು 2015ರ ಆಗಸ್ಟ್‌ನಲ್ಲಿ ಹಿಡಿದರು. ಮೂರು ವರ್ಷ ಹೊರಗಿನವರಿಗೆ ಸುಳಿವೇ ಇಲ್ಲ. ಅವರ ಪರವಾಗಿ ನಿಂತ ವಕೀಲರಲ್ಲಿ ಒಬ್ಬರು ಯು ವೆನ್‌ಶೆಂಗ್.

ಯು ಅವರನ್ನು ಮಣಿಸಲು ಆಗ ಬಳಸಿದ್ದು ಲಾಠಿ ಅಲ್ಲ, ಕಾಗದ. ಚೀನಾದಲ್ಲಿ ವಕೀಲಿಕೆ ಮಾಡಬೇಕಾದರೆ ಯಾವುದಾದರೂ ವಕೀಲರ ಸಂಸ್ಥೆಯಲ್ಲಿ ಇರಲೇಬೇಕು. ಆರು ತಿಂಗಳು ಎಲ್ಲಿಯೂ ಇರದಿದ್ದರೆ ಲೈಸೆನ್ಸು ರದ್ದು. ಸಂಸ್ಥೆ ಅವರನ್ನು ಕೈಬಿಟ್ಟಿತು. ಸ್ವಂತ ಸಂಸ್ಥೆ ತೆರೆಯುತ್ತೇನೆ ಅಂದರೆ ಅಧಿಕಾರಿಗಳು ಒಪ್ಪಲಿಲ್ಲ. 2018ರ ಜನವರಿಯಲ್ಲಿ, ನೀವು ಯಾವ ಸಂಸ್ಥೆಯಲ್ಲೂ ಇಲ್ಲವಲ್ಲ ಎಂದು ಹೇಳಿ ಲೈಸೆನ್ಸು ಕಿತ್ತುಕೊಂಡರು. ಎಷ್ಟು ಸದ್ದಿಲ್ಲದ ಕೆಲಸ ನೋಡಿ! ಸುದ್ದಿಯಾಗಲು ರಕ್ತವಿಲ್ಲ, ಗಾಯವಿಲ್ಲ. ಒಬ್ಬ ಮನುಷ್ಯ ಕೋರ್ಟಿನ ಒಳಗೆ ಹೋಗುವ ದಾರಿಯಷ್ಟೇ ಮುಚ್ಚಿಹೋಯಿತು.

ಅದಾಗಿ ಕೆಲವೇ ದಿನಕ್ಕೆ ಅವರು ಸಂವಿಧಾನ ತಿದ್ದುಪಡಿ ಬೇಕು, ಅಧ್ಯಕ್ಷ ಹುದ್ದೆಗೆ ಒಬ್ಬರಿಗಿಂತ ಹೆಚ್ಚು ಅಭ್ಯರ್ಥಿಗಳು ಇರಬೇಕು ಅಂತ ಬಹಿರಂಗ ಪತ್ರ ಬರೆದರು. ಮರುದಿನ ಬೆಳಿಗ್ಗೆ, ಮಗನನ್ನು ಶಾಲೆಗೆ ಬಿಡಲು ಹೊರಟಾಗ ಪೊಲೀಸರು ಸುತ್ತುವರಿದರು. ನಾಲ್ಕು ವರ್ಷ ಜೈಲು.

ಅಲ್ಲಿಗೆ ಕಕ್ಷಿದಾರರಾದರು, ಅವರ ವಕೀಲರಾದರು, ವಕೀಲರ ವಕೀಲರೂ ಆದರು. ಇನ್ನು ಉಳಿದವರು ಹೆಂಡತಿಯರು.

[ನಿಧಾನ. ಸಂಗೀತ ಬೇಡ.]

ವಾಂಗ್ ಚುವಾನ್‌ಝಾಂಗ್ ಅವರ ಹೆಂಡತಿ ಲಿ ವೆನ್‌ಝು 2018ರ ಏಪ್ರಿಲ್‌ನಲ್ಲಿ ಗಂಡನನ್ನು ಹುಡುಕಿಕೊಂಡು ಬೀಜಿಂಗ್‌ನಿಂದ ತಿಯಾನ್‌ಜಿನ್‌ಗೆ ನಡೆದೇ ಹೊರಟರು, ನೂರಕ್ಕೂ ಹೆಚ್ಚು ಕಿಲೋಮೀಟರ್. ಡಿಸೆಂಬರ್‌ನಲ್ಲಿ ಇನ್ನೂ ಕೆಲವು ವಕೀಲರ ಹೆಂಡತಿಯರ ಜೊತೆ ಸೇರಿ ತಲೆ ಬೋಳಿಸಿಕೊಂಡರು. ಚೀನೀ ಭಾಷೆಯಲ್ಲಿ ಕೂದಲಿಗೂ ಕಾನೂನಿಗೂ ಹೆಚ್ಚು ಕಡಿಮೆ ಒಂದೇ ಉಚ್ಚಾರಣೆ: 'ಫಾ'. ನಾವು ಕೂದಲಿಲ್ಲದೆ ಇರಬಲ್ಲೆವು, ನೀವು ಕಾನೂನಿಲ್ಲದೆ ಇರಲಾಗದು ಅನ್ನೋದು ಅವರ ಮಾತು. ಅದೇ ತಿಂಗಳ 26ರಂದು ಮುಚ್ಚಿದ ಬಾಗಿಲ ಹಿಂದೆ ವಾಂಗ್ ಅವರ ವಿಚಾರಣೆ ನಡೆಯಿತು. 2019ರ ಜನವರಿಯಲ್ಲಿ ತೀರ್ಪು ಬಂತು: ರಾಜ್ಯಾಧಿಕಾರವನ್ನು ಬುಡಮೇಲು ಮಾಡಲು ಹೊರಟ ಆರೋಪ, ನಾಲ್ಕೂವರೆ ವರ್ಷ.

2020ರಲ್ಲಿ ವಾಂಗ್ ಹೊರಬಂದರು. ಆದರೆ 2023ರಲ್ಲಿ ಈ ಕುಟುಂಬ ಕೆಲವೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಬಾರಿ ಮನೆ ಬದಲಿಸಬೇಕಾಯಿತು. ಮನೆ ಮಾಲೀಕರ ಮೇಲೆ ಒತ್ತಡ, ಕರೆಂಟು ಕಡಿತ, ಬಾಗಿಲಲ್ಲಿ ಅಪರಿಚಿತರು. ಮಗನಿಗೆ ಶಾಲೆ ಸಿಗುವುದೂ ಕಷ್ಟವಾಯಿತು.

ಯು ವೆನ್‌ಶೆಂಗ್ ಹೊರಬಂದದ್ದು 2022ರಲ್ಲಿ. ಜೈಲಿನಲ್ಲಿದ್ದ ಗಂಡನಿಗಾಗಿ ನಾಲ್ಕು ವರ್ಷ ಓಡಾಡಿದ್ದ ಶು ಯಾನ್, 2023ರ ಏಪ್ರಿಲ್ 13ರಂದು ಅವರ ಜೊತೆ ಬೀಜಿಂಗ್‌ನ ಐರೋಪ್ಯ ಒಕ್ಕೂಟದ ಕಚೇರಿಗೆ ಹೊರಟರು. ಅಲ್ಲಿ ರಾಜತಾಂತ್ರಿಕರ ಭೇಟಿ ಗೊತ್ತಾಗಿತ್ತು. ದಾರಿಯಲ್ಲೇ ಇಬ್ಬರನ್ನೂ ಹಿಡಿದರು. 2024ರ ಅಕ್ಟೋಬರ್‌ನಲ್ಲಿ ಯು ಅವರಿಗೆ ಮೂರು ವರ್ಷ, ಶು ಯಾನ್ ಅವರಿಗೆ ಒಂದು ವರ್ಷ ಒಂಬತ್ತು ತಿಂಗಳ ಶಿಕ್ಷೆಯಾಯಿತು. ಅಪ್ಪನ ಜೊತೆ ಶಾಲೆಗೆ ಹೊರಟಿದ್ದ ಆ ಹುಡುಗನಿಗೆ ಈ ಸಲ ಮನೆಯಲ್ಲಿ ಅಮ್ಮನೂ ಇರಲಿಲ್ಲ.

[ತೆರೆ ಕಪ್ಪಾಗುತ್ತದೆ.]