ಎರೆ ಹೊಲದ ಇಬ್ಬನಿ

ಕೇಳುಗರೆಲ್ಲರಿಗೂ ನಮಸ್ಕಾರ.

ಗದಗ, ಬಾಗಲಕೋಟೆ, ವಿಜಯಪುರದ ಕಡೆ ಎರೆ ಹೊಲಗಳಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲಗಳಲ್ಲಿ, ಚಳಿಗಾಲ ಅಂದರೆ ಕಡಲೆಯ ಕಾಲ. ಕಡಲೆ ಗಿಡದ ಎಲೆ, ಕಾಂಡ, ಕಾಯಿ ಎಲ್ಲದರ ಮೇಲೂ ಸಣ್ಣ ಸಣ್ಣ ರೋಮಗಳಿರುತ್ತವೆ. ಆ ರೋಮಗಳಿಂದ ಹುಳಿ ಒಸರುತ್ತದೆ. ಆ ಹೊಲದಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಗಿಡ ಮುಟ್ಟಿದ ಬೆರಳು ನಾಲಿಗೆಗಿಟ್ಟರೆ ಹುಳಿ, ಕೈಕಾಲಿಗೆ ತಾಗಿದರೆ ಉರಿ.

ಈ ಹುಳಿಯನ್ನು ಹಿಡಿದಿಡುವುದಕ್ಕೆ ನಮ್ಮ ರೈತರು ಒಂದು ದಾರಿ ಕಂಡುಕೊಂಡಿದ್ದರು. ಸಂಜೆ ಹೊತ್ತು ಮುಳುಗಿದ ಮೇಲೆ ಚೆನ್ನಾಗಿ ಒಗೆದ ತೆಳ್ಳನೆಯ ಬಿಳಿ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ ಬರುವುದು. ರಾತ್ರಿಯಿಡೀ ಇಬ್ಬನಿ ಕೂತು ಬಟ್ಟೆ ನೆನೆಯುತ್ತದೆ. ಎಲೆಯ ಹುಳಿ ಆ ನೀರಿನಲ್ಲಿ ಕರಗಿ ಬಟ್ಟೆಗೆ ಬರುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲು ಹೋಗಿ ಬಟ್ಟೆ ಹಿಂಡಿದರೆ ಸಿಗುವುದೇ ಕಡಲೆ ಹುಳಿ. ಅದನ್ನು ಗಾಜಿನ ಶೀಶೆಯಲ್ಲಿ ತುಂಬಿಟ್ಟು, ಅಜೀರ್ಣ, ಹೊಟ್ಟೆನೋವು ಅಂದಾಗ ಕೆಲವು ಹನಿ ನೀರಿಗೆ ಬೆರೆಸಿ ಕೊಡುತ್ತಿದ್ದರು. ಈಗಲೂ ಅಲ್ಲಲ್ಲಿ ಕೊಡುತ್ತಾರೆ. ಇದರಲ್ಲಿ ಇರುವುದು ಮುಖ್ಯವಾಗಿ ಮ್ಯಾಲಿಕ್ ಆಮ್ಲ, ಜೊತೆಗೆ ಆಕ್ಸಾಲಿಕ್ ಆಮ್ಲ. ಆದ್ದರಿಂದ ಕಿಡ್ನಿಯಲ್ಲಿ ಕಲ್ಲಿನ ತೊಂದರೆ ಇರುವವರು ಇದರಿಂದ ದೂರ ಇರುವುದೇ ಒಳ್ಳೆಯದು. ಇನ್ನೊಂದು ಮಾತು. ಕಾಯಿಕೊರಕ ಹುಳುವಿಗೆ ಅಂತ ಔಷಧಿ ಹೊಡೆದ ಹೊಲದಲ್ಲಿ ದಯವಿಟ್ಟು ಬಟ್ಟೆ ಹಾಸಬೇಡಿ. ಹುಳಿಯ ಜೊತೆ ಆ ವಿಷವೂ ಬಟ್ಟೆಗೆ ಬರುತ್ತದೆ.

ನನಗೆ ಈ ಬಟ್ಟೆಯ ಕೆಲಸ ಬಹಳ ದೊಡ್ಡದಾಗಿ ಕಾಣುತ್ತದೆ. ಯಾಕೆಂದರೆ ಇಬ್ಬನಿ ಅಂದ ತಕ್ಷಣ ನಾವು ಅದರ ಚಂದವನ್ನಷ್ಟೇ ನೆನೆಯುತ್ತೇವೆ. ಹುಲ್ಲಿನ ಮೇಲೆ ಮುತ್ತು, ಕ್ಷಣಿಕ ಬದುಕು, ಹೀಗೆ. ರೈತರಿಗೆ ಅದು ನೀರು. ಕೈಗೆ ಸಿಗುವ, ಕೆಲಸಕ್ಕೆ ಬರುವ ನೀರು. ಆ ನೀರಿನ ಬಗ್ಗೆಯೇ ಇವತ್ತು ಮಾತಾಡೋಣ.

ಇಬ್ಬನಿ ಎಲ್ಲಿಂದ ಬರುತ್ತದೆ? ಮೇಲಿಂದ ಬೀಳುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನೆಲದಿಂದ ಏಳುತ್ತದೆ ಅಂತ ವಾದಿಸಿದವರೂ ಇದ್ದರು. ಈ ಜಗಳ ಬಗೆಹರಿಸಿದ್ದು ಲಂಡನ್ನಿನ ಒಬ್ಬ ಡಾಕ್ಟರು, ವಿಲಿಯಂ ಚಾರ್ಲ್ಸ್ ವೆಲ್ಸ್. ಅವರು ಇಬ್ಬನಿಯ ಮೇಲೆ ಬರೆದ ಪ್ರಬಂಧ 1814ರಲ್ಲಿ ಹೊರಬಂತು. ಆಗ ಅವರ ಆರೋಗ್ಯ ಚೆನ್ನಾಗಿರಲಿಲ್ಲ. ಆದರೂ ರಾತ್ರಿಯ ಚಳಿಯಲ್ಲಿ ಊರ ಹೊರಗಿನ ಒಂದು ತೋಟದಲ್ಲಿ ಪ್ರಯೋಗ ನಡೆಸುತ್ತಿದ್ದರು. ಉಪಕರಣ ಅಂದರೆ ಏನು ಗೊತ್ತಾ? ಸ್ವಲ್ಪ ಉಣ್ಣೆ, ಒಂದು ತಕ್ಕಡಿ, ಒಂದೆರಡು ಥರ್ಮಾಮೀಟರ್.

10 ಗ್ರೇನ್ ತೂಕದ ಉಣ್ಣೆಯ ಸಣ್ಣ ಉಂಡೆಗಳನ್ನು ಅವರು ರಾತ್ರಿ ಬೇರೆ ಬೇರೆ ಕಡೆ ಇಡುತ್ತಿದ್ದರು. ಗ್ರೇನ್ ಅಂದರೆ ಬಹಳ ಸಣ್ಣ ತೂಕ, 10 ಗ್ರೇನ್ ಸೇರಿದರೂ ಒಂದು ಗ್ರಾಂ ಆಗುವುದಿಲ್ಲ. ಬೆಳಗ್ಗೆ ಮತ್ತೆ ತೂಗುತ್ತಿದ್ದರು. ಒಂದು ಹಲಗೆಯನ್ನು ಕಾಲುಗಳ ಮೇಲೆ ನಿಲ್ಲಿಸಿ, ಒಂದು ಉಂಡೆಯನ್ನು ಹಲಗೆಯ ಮೇಲೆ, ಇನ್ನೊಂದನ್ನು ಹಲಗೆಯ ಕೆಳಭಾಗಕ್ಕೆ ಸೇರಿಸಿ ಇಟ್ಟರು. ಒಂದು ರಾತ್ರಿ ಮೇಲಿನದಕ್ಕೆ 14 ಗ್ರೇನ್ ನೀರು ಸೇರಿತ್ತು, ಕೆಳಗಿನದಕ್ಕೆ ಬರೀ 4. ಇಬ್ಬನಿ ನೆಲದಿಂದ ಏಳುವುದಾದರೆ ಕೆಳಗಿನದಕ್ಕೇ ಜಾಸ್ತಿ ಸಿಗಬೇಕಿತ್ತು, ಅಲ್ವಾ?

ಹಾಗಾದರೆ ಮೇಲಿಂದ ಬೀಳುತ್ತದೋ? ಅದಕ್ಕೆ ಅವರು ಸುಟ್ಟ ಮಣ್ಣಿನ ಒಂದು ಕೊಳವೆ ತಂದರು. ಎರಡೂವರೆ ಅಡಿ ಎತ್ತರ, ಒಂದು ಅಡಿ ಅಗಲ, ಮೇಲ್ಭಾಗ ತೆರೆದದ್ದು. ಅದನ್ನು ಹುಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ ಒಳಗೆ ಉಣ್ಣೆ ಇಟ್ಟರು. ಗಾಳಿಯಿಲ್ಲದ ರಾತ್ರಿ ಮಳೆ ಬಂದಿದ್ದರೆ ಒಳಗಿನ ಉಣ್ಣೆಗೂ ಹೊರಗಿನ ಉಣ್ಣೆಗೂ ಸಮವಾಗಿ ನೀರು ಬೀಳಬೇಕು. ಇಬ್ಬನಿಯಲ್ಲಿ ಹಾಗಾಗಲಿಲ್ಲ. ಹೊರಗಿನ ಉಣ್ಣೆಗೆ 16 ಗ್ರೇನ್ ನೀರು ಸೇರಿದಾಗ ಕೊಳವೆಯೊಳಗಿನದಕ್ಕೆ ಸೇರಿದ್ದು ಸುಮಾರು 2 ಗ್ರೇನ್. ಕೊಳವೆ ತಡೆದದ್ದು ಹನಿಯನ್ನಲ್ಲ. ಉಣ್ಣೆಗೆ ಕಾಣುತ್ತಿದ್ದ ಆಕಾಶವನ್ನು.

ಇದು ನನಗೆ ವಿಜ್ಞಾನದಲ್ಲೇ ಬಹಳ ಇಷ್ಟವಾದ ಪ್ರಯೋಗಗಳಲ್ಲಿ ಒಂದು. ಇಷ್ಟು ಸರಳ ಸಾಮಾನು, ಇಷ್ಟು ಖಚಿತ ಉತ್ತರ.

ಉತ್ತರ ಇದು. ಪ್ರತಿಯೊಂದು ವಸ್ತುವೂ ತನ್ನ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಹೊರಗೆ ಬಿಡುತ್ತಲೇ ಇರುತ್ತದೆ. ಹಗಲು ಸೂರ್ಯನಿಂದ ಅದಕ್ಕಿಂತ ಜಾಸ್ತಿ ಶಾಖ ಬರುವುದರಿಂದ ಅದು ಗೊತ್ತಾಗುವುದಿಲ್ಲ. ರಾತ್ರಿ ತೆರೆದ ಆಕಾಶದಿಂದ ಬರುವುದು ಕಡಿಮೆ, ಆಕಾಶಕ್ಕೆ ಹೋಗುವುದು ಜಾಸ್ತಿ. ಹುಲ್ಲಿನ ಎಸಳು ತೆಳ್ಳಗಿದೆ, ಅದರಲ್ಲಿ ಕೂಡಿಟ್ಟ ಶಾಖವೇ ಕಡಿಮೆ. ನೆಲದ ಬಿಸಿಯೂ ಅದಕ್ಕೆ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ಅದು ಸುತ್ತಲಿನ ಗಾಳಿಗಿಂತ ಬೇಗ ತಣ್ಣಗಾಗುತ್ತದೆ. ಫ್ರಿಜ್‌ನಿಂದ ತೆಗೆದಿಟ್ಟ ಬಾಟಲಿಯ ಹೊರಮೈ ಬೆವರುವುದನ್ನು ನೋಡಿದ್ದೀರಲ್ಲ, ಇಲ್ಲೂ ಅದೇ ನಡೆಯುತ್ತದೆ. ತಣ್ಣನೆಯ ಎಸಳಿಗೆ ತಾಗಿದ ಗಾಳಿಯ ತೇವ ನೀರಾಗಿ ಅಲ್ಲೇ ಕೂರುತ್ತದೆ. ಇಬ್ಬನಿ ಬಂದದ್ದರಿಂದ ಹುಲ್ಲು ತಣ್ಣಗಾದದ್ದಲ್ಲ. ಹುಲ್ಲು ಮೊದಲು ತಣ್ಣಗಾಯಿತು, ಆಮೇಲೆ ಇಬ್ಬನಿ ಬಂತು. ವೆಲ್ಸ್ ಥರ್ಮಾಮೀಟರ್ ಹಿಡಿದು ತೋರಿಸಿಕೊಟ್ಟದ್ದು ಇದನ್ನೇ. ಈ ಕೆಲಸಕ್ಕೆ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ ಅವರಿಗೆ ರಮ್‌ಫರ್ಡ್ ಪದಕ ಕೊಟ್ಟಿತು. 1817ರಲ್ಲಿ ಅವರು ತೀರಿಕೊಂಡರು.

ಇಷ್ಟು ತಿಳಿದರೆ ನಾವು ದಿನಾ ನೋಡುವ ಎಷ್ಟೋ ಸಂಗತಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಬಯಲಲ್ಲಿ ನಿಲ್ಲಿಸಿದ ಬೈಕಿನ ಸೀಟು ಒದ್ದೆ, ಮರದ ಕೆಳಗೆ ನಿಲ್ಲಿಸಿದ್ದು ಒಣಗಿರುತ್ತದೆ. ಮರ ಆಕಾಶವನ್ನು ಮರೆ ಮಾಡಿದೆ, ಅಷ್ಟೇ. ಮೋಡ ಕವಿದ ರಾತ್ರಿ ಇಬ್ಬನಿ ಇಲ್ಲ. ಮೋಡ ನೆಲದ ಶಾಖವನ್ನು ಹೀರಿಕೊಂಡು ಒಂದಷ್ಟನ್ನು ಕೆಳಕ್ಕೇ ವಾಪಸ್ ಕಳಿಸುತ್ತದೆ. ಗಾಳಿ ಬೀಸುವ ರಾತ್ರಿಯೂ ಇಲ್ಲ. ಬೆಚ್ಚಗಿನ ಗಾಳಿ ಬಂದು ಬಂದು ಎಸಳನ್ನು ತಣ್ಣಗಾಗಲು ಬಿಡುವುದಿಲ್ಲ.

ವೆಲ್ಸ್ ತಮ್ಮ ಪ್ರಬಂಧದಲ್ಲಿ ನಮ್ಮ ದೇಶದ ಒಂದು ಕಸುಬನ್ನೂ ವಿವರಿಸಿದ್ದಾರೆ. ಆ ಕಾಲಕ್ಕೆ ಗಂಗಾ ಬಯಲಿನಲ್ಲಿ ಚಳಿಗಾಲದ ರಾತ್ರಿ ಮಂಜುಗಡ್ಡೆ ತಯಾರಿಸುತ್ತಿದ್ದರು. ಅಲಹಾಬಾದಿನಲ್ಲಿ ನಡೆಯುತ್ತಿದ್ದ ಈ ಕೆಲಸದ ವರದಿ 1775ರಲ್ಲೇ ಲಂಡನ್ನಿನಲ್ಲಿ ಅಚ್ಚಾಗಿತ್ತು. ಬಯಲಲ್ಲಿ ಆಳವಿಲ್ಲದ ಗುಂಡಿ ತೋಡಿ, ಒಣಗಿದ ಕಬ್ಬಿನ ದಂಟೋ ಜೋಳದ ದಂಟೋ ಹಾಸಿ, ಅದರ ಮೇಲೆ ಅಗಲವಾದ ಮಣ್ಣಿನ ತಟ್ಟೆಗಳಲ್ಲಿ ನೀರಿಡುತ್ತಿದ್ದರು. ಗಾಳಿಯಲ್ಲಿ ಹೆಪ್ಪುಗಟ್ಟುವಷ್ಟು ಚಳಿ ಇಲ್ಲದಿದ್ದರೂ ಬೆಳಗಾಗುವಷ್ಟರಲ್ಲಿ ತಟ್ಟೆಯ ನೀರು ಗಟ್ಟಿಯಾಗುತ್ತಿತ್ತು. ನೀರು ಆವಿಯಾಗುವುದರಿಂದ ಹೀಗಾಗುತ್ತದೆ ಅಂತ ಹಿಂದಿನವರು ತಿಳಿದಿದ್ದರು. ಅಲ್ಲ, ಆಕಾಶಕ್ಕೆ ಶಾಖ ಬಿಟ್ಟುಕೊಡುವುದೇ ಇದಕ್ಕೆ ಮುಖ್ಯ ಕಾರಣ ಅಂದರು ವೆಲ್ಸ್. ಆ ತಟ್ಟೆ ಇಟ್ಟವರ ಹೆಸರು ಎಲ್ಲೂ ಉಳಿದಿಲ್ಲ. ಆದರೆ ಕೆಳಗಿನಿಂದ ನೆಲದ ಬಿಸಿ ಬರದ ಹಾಗೆ ದಂಟು ಹಾಸಬೇಕು, ಮೇಲೆ ಆಕಾಶ ತೆರೆದಿರಬೇಕು ಅನ್ನುವುದು ಅವರಿಗೆ ಯಾರೂ ಹೇಳಿಕೊಡದೆಯೇ ಗೊತ್ತಿತ್ತು.

ಈಗ ಮತ್ತೆ ಎರೆ ನೆಲಕ್ಕೆ ಬರೋಣ. ಹಿಂಗಾರಿ ಬಿಳಿಜೋಳ ಇಬ್ಬನಿಯ ಮೇಲೇ ಬೆಳೆಯುತ್ತದೆ ಅನ್ನುವ ಮಾತು ಆ ಕಡೆ ಇದೆ. ಇದು ನಿಜವೇ? ಲೆಕ್ಕ ಹಾಕಿ ನೋಡೋಣ. ಒಳ್ಳೆಯ ಇಬ್ಬನಿ ಬಿದ್ದ ರಾತ್ರಿ ಸಿಗುವ ನೀರು ಸುಮಾರು 0.2 ಮಿಲಿಮೀಟರ್. ಅಂದರೆ ಒಂದು ಎಕರೆಗೆ ಸುಮಾರು 800 ಲೀಟರ್. ಕೇಳುವುದಕ್ಕೆ ಬಹಳ ಅನ್ನಿಸುತ್ತದೆ. ಆದರೆ ತುಂಬಿ ನಿಂತ ಬೆಳೆ ಒಂದು ಹಗಲಿಗೆ ಮೂರು ನಾಲ್ಕು ಮಿಲಿಮೀಟರ್ ನೀರು ಕಳೆದುಕೊಳ್ಳುತ್ತದೆ. ಆ ನೀರು ಕೊಡುವುದು ಎರೆಮಣ್ಣು. ಹಿಂದಿನ ಮಳೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಬೇರಿಗೆ ಕೊಡುವ ಶಕ್ತಿ ಆ ಮಣ್ಣಿಗಿದೆ. ಇಬ್ಬನಿ ಮಾಡುವ ಕೆಲಸ ಬೇರೆ. ಎಲೆಯ ಮೇಲಿನ ಇಬ್ಬನಿ ಆರುವವರೆಗೆ ಬಿಸಿಲಿನ ಶಾಖ ಆ ಇಬ್ಬನಿಯನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಅಷ್ಟು ಹೊತ್ತು ಗಿಡದ ಒಳಗಿನ ನೀರು ಉಳಿಯುತ್ತದೆ. ಮಳೆಯಿಲ್ಲದ ಕಾಲದಲ್ಲಿ ದಿನಾ ಬೆಳಗ್ಗೆ ಸಿಗುವ ಈ ಬಿಡುವು ಸಣ್ಣದಲ್ಲ. ರೈತರ ಮಾತು ಪೂರ್ತಿ ನಿಜ ಅಲ್ಲ, ಆದರೆ ಅದು ಹೊಲ ನೋಡಿಯೇ ಹುಟ್ಟಿದ ಮಾತು.

ಕೊಯ್ಲಿನಲ್ಲಂತೂ ಇಬ್ಬನಿ ಜೊತೆಗಾರನೇ. ಕುಸುಬೆ ನೋಡಿದ್ದೀರಾ? ಮೈಯೆಲ್ಲ ಮುಳ್ಳು. ಬಿಸಿಲೇರಿದ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ. ಬೆಳಗಿನ ಜಾವ ಇಬ್ಬನಿಗೆ ಮುಳ್ಳು ಮೆತ್ತಗಾಗಿರುತ್ತದೆ, ಆಗಲೇ ಕೊಯ್ಯುತ್ತಾರೆ. ಹುರುಳಿ, ಉದ್ದು, ಹೆಸರಿನ ಒಣಗಿದ ಕಾಯಿ ಬಿಸಿಲಿಗೆ ಸಿಡಿದು ಕಾಳು ಮಣ್ಣು ಪಾಲಾಗುತ್ತದೆ. ಇಬ್ಬನಿಯ ತಂಪಿನಲ್ಲಿ ಕಿತ್ತರೆ ಸಿಡಿಯುವುದಿಲ್ಲ. ಚಳಿಯಲ್ಲಿ, ಒದ್ದೆ ಕೈಯಲ್ಲಿ ಈ ಕೆಲಸ ಮಾಡುವವರು ಬಹುಪಾಲು ಹೆಣ್ಣುಮಕ್ಕಳು. ನಮ್ಮ ಅನ್ನದ ಹಿಂದೆ ಅವರ ಆ ಬೆಳಗಿನ ಜಾವಗಳಿವೆ.

ಇದೇ ಇಬ್ಬನಿ ಬೇರೆ ಕಡೆ ತೊಂದರೆ ಕೊಡುತ್ತದೆ. ಎಲೆ ಬಹಳ ಹೊತ್ತು ಒದ್ದೆಯಾಗಿದ್ದರೆ ಶಿಲೀಂಧ್ರಕ್ಕೆ ಅದೇ ಬೇಕು. ಭತ್ತದ ಬೆಂಕಿ ರೋಗ ಹೀಗೆ ಹಬ್ಬುತ್ತದೆ. ಮಲೆನಾಡಿನ ಕಾಫಿ ಕಣದಲ್ಲಿ ಸಂಜೆಯಾದರೆ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಾರೆ, ಹಗಲೆಲ್ಲ ಒಣಗಿಸಿದ್ದು ರಾತ್ರಿ ಮತ್ತೆ ತೇವ ಹೀರಬಾರದು ಅಂತ.

ಒಂದು ಸಣ್ಣ ವಿಷಯ ಸೇರಿಸಿಬಿಡುತ್ತೇನೆ. ಗಣಪತಿಗೆ ಗರಿಕೆ ಕೀಳುವಾಗ ಗಮನಿಸಿ. ಎಸಳಿನ ತುದಿಯಲ್ಲಿ ಒಂದೇ ಒಂದು ದಪ್ಪ ಹನಿ ನಿಂತಿದ್ದರೆ ಅದು ಬಹುತೇಕ ಇಬ್ಬನಿ ಅಲ್ಲ. ರಾತ್ರಿ ಬೇರು ಹೀರಿದ ನೀರನ್ನು ಗಿಡವೇ ತುದಿಯ ಸಣ್ಣ ರಂಧ್ರದಿಂದ ಹೊರಹಾಕಿದ್ದು. ರಾಗಿ, ಭತ್ತದ ಎಳೆ ಪೈರಿನಲ್ಲೂ ಇದನ್ನು ನೋಡಬಹುದು. ಎಸಳಿನ ಮೈತುಂಬ ಧೂಳಿನಷ್ಟು ಸಣ್ಣ ಹನಿ ಹರಡಿಕೊಂಡಿದ್ದರೆ ಅದು ಇಬ್ಬನಿ.

ಬೇರೆ ನಾಡಿನ ಜನ ಇಬ್ಬನಿಯನ್ನು ಹೇಗೆ ಕಂಡಿದ್ದಾರೆ? ಇಂಗ್ಲೆಂಡಿನಲ್ಲಿ ಮೇ ತಿಂಗಳ ಇಬ್ಬನಿಯಿಂದ ಮುಖ ತೊಳೆದರೆ ಬಣ್ಣ ಬರುತ್ತದೆ ಅಂತ ಹುಲ್ಲುಗಾವಲಿಗೆ ಹೋಗುತ್ತಿದ್ದರು. ಆದರೆ ನನ್ನ ಮನಸ್ಸು ಮುಟ್ಟಿದ್ದು ಯಹೂದಿಗಳ ಪದ್ಧತಿ. ಅವರ ಪೂರ್ವಜರ ನಾಡಿನಲ್ಲಿ ಬೇಸಿಗೆ ಪೂರ್ತಿ ಮಳೆಯೇ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಪಾಸ್ಕ ಹಬ್ಬ ಬರುತ್ತದೆ. ಆ ಹಬ್ಬದ ಮೊದಲ ದಿನ ಅವರು ದೇವರಲ್ಲಿ ಇಬ್ಬನಿ ಕೊಡು ಎಂದು ವಿಶೇಷ ಪ್ರಾರ್ಥನೆ ಮಾಡುತ್ತಾರೆ. ಬೈಬಲ್ಲಿನ ಗಿದ್ಯೋನನ ಕತೆಯಲ್ಲೂ ಇಬ್ಬನಿ ಇದೆ. ಅವನು ಕಣದಲ್ಲಿ ಕುರಿಯ ಉಣ್ಣೆ ಹಾಸಿ, ಬೆಳಗ್ಗೆ ಅದರಿಂದ ಒಂದು ಬಟ್ಟಲು ನೀರು ಹಿಂಡುತ್ತಾನೆ. ಮಳೆ ಕಡಿಮೆ ಇರುವ ನಾಡಿನವರು ಎಲ್ಲಿದ್ದರೂ ಇಬ್ಬನಿಯನ್ನು ಹಿಂಡಿ ನೋಡಿದ್ದಾರೆ.

ಇದೇ ಹಾದಿಯಲ್ಲಿ ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಗುಜರಾತಿನ ಕಛ್ ಕರಾವಳಿಯಲ್ಲಿ ಅಂತರ್ಜಲ ಉಪ್ಪು. ಅಹಮದಾಬಾದಿನ ಐಐಎಂನಲ್ಲಿ ಪ್ರಾಧ್ಯಾಪಕರಾಗಿದ್ದ ಗಿರ್ಜಾ ಶರಣ್ ಅವರು ಅಲ್ಲಿ ತಗಡಿನ ಚಾವಣಿಗಳಿಂದ ಬೆಳಗಿನ ಹೊತ್ತು ನೀರು ತೊಟ್ಟಿಕ್ಕುವುದನ್ನು ಗಮನಿಸಿ, ಇಬ್ಬನಿ ಕೊಯ್ಲಿನ ಏರ್ಪಾಡುಗಳನ್ನು ರೂಪಿಸಿದರು. ಅದರ ಮೂಲ ವಿಚಾರ ಆ ಅಲಹಾಬಾದಿನ ತಟ್ಟೆಯದೇ. ಮೇಲ್ಮೈ ಆಕಾಶಕ್ಕೆ ತೆರೆದಿರಬೇಕು, ಕೆಳಗಿನಿಂದ ಬಿಸಿ ಬರಬಾರದು.

ನಮ್ಮ ಶಾಲೆಗಳಲ್ಲಿ ಇದನ್ನು ಮಕ್ಕಳಿಂದ ಮಾಡಿಸಬೇಕು ಅನ್ನುವುದು ನನ್ನ ಆಸೆ. ಖರ್ಚು ಬಹಳ ಇಲ್ಲ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತಗಡು. ಅದಕ್ಕೆ ಬಿಳಿ ಬಣ್ಣ ಬಳಿಯಿರಿ. ಕೆಳಗೆ ಥರ್ಮಾಕೋಲ್ ಅಂಟಿಸಿ. ಬಯಲಲ್ಲಿ, ಸುಮಾರು 30 ಡಿಗ್ರಿ ಓರೆಯಾಗಿ ನಿಲ್ಲಿಸಿ. ಕೆಳ ಅಂಚಿಗೆ ನೀರು ಹರಿದುಬರಲು ಒಂದು ಸಣ್ಣ ದೋಣಿ ಕಟ್ಟಿ, ಅದರ ತುದಿಗೆ ಒಂದು ಬಾಟಲಿ ಇಡಿ. ಬಿಸಿಲು ಬರುವ ಮೊದಲು ಅಂಟಿಕೊಂಡ ಹನಿಗಳನ್ನೂ ಕೆಳಕ್ಕೆ ಎಳೆದು ಅಳೆಯಿರಿ. ಬಾಟಲಿಯಲ್ಲಿ 100 ಮಿಲಿಲೀಟರ್ ಇದ್ದರೆ ಆ ರಾತ್ರಿಯ ಇಬ್ಬನಿ 0.1 ಮಿಲಿಮೀಟರ್. ಪಕ್ಕದಲ್ಲಿ ಮೋಡ ಇತ್ತೇ, ಗಾಳಿ ಇತ್ತೇ ಅಂತಲೂ ಬರೆದಿಡಲಿ. ದೀಪಾವಳಿಯಿಂದ ಶಿವರಾತ್ರಿವರೆಗೆ ಬರೆದರೆ ಆ ಊರಿನ ಇಬ್ಬನಿಯ ಲೆಕ್ಕ ಆ ಮಕ್ಕಳ ಕೈಯಲ್ಲೇ ಇರುತ್ತದೆ.

ನಮಸ್ಕಾರ.